‘ಪರವಾಗಿಲ್ಲ’ ಅಂದರೆ ಎಷ್ಟು ಅಂಕ?

ಅಕ್ಕಿಯ ಗುಣವನ್ನು ತಿಳಿಯಲು ಎರಡು ದಾರಿಗಳಿವೆ. ಕಾಳಿನ ಉದ್ದ, ತೇವಾಂಶ, ನುಚ್ಚಿನ ಪ್ರಮಾಣ ಇವನ್ನು ಪ್ರಯೋಗಾಲಯದಲ್ಲಿ ಅಳೆದು ಅಂಕಿಗಳಲ್ಲಿ ಬರೆದಿಡುವುದು ಒಂದು ದಾರಿ. ಅನ್ನ ಮಾಡಿ, ಬಡಿಸಿ, ಉಂಡವರನ್ನು ಕೇಳುವುದು ಇನ್ನೊಂದು. ಮೊದಲನೆಯದರಲ್ಲಿ ಪಾಸಾದ ಅಕ್ಕಿ ಎರಡನೆಯದರಲ್ಲಿ ನಪಾಸಾಗುವುದು ಅಪರೂಪವೇನಲ್ಲ. ಗಣಕಯಂತ್ರದ ತಂತ್ರಾಂಶಕ್ಕೂ ಇದೇ ಮಾತು ಸಲ್ಲುತ್ತದೆ. ಇಂದಿನ ಮಾತುಕತೆಯಲ್ಲಿ ಎರಡನೆಯ ದಾರಿಯ ಬಗ್ಗೆ, ಅಂದರೆ ಬಳಸುವವರ ಅನಿಸಿಕೆಯನ್ನು ಅಳೆಯುವ ಬಗೆಯ ಕುರಿತು, ಕೆಲವು ವಿಷಯಗಳನ್ನು ನಿಮ್ಮ ಮುಂದಿಡುತ್ತೇನೆ.

ತಂತ್ರಾಂಶವನ್ನು ಸಿದ್ಧಪಡಿಸುವವರ ಬಳಿ ಅಳತೆಗೋಲುಗಳಿಗೆ ಬರವಿಲ್ಲ. ಸಾವಿರ ಸಾಲುಗಳಿಗೆ ಎಷ್ಟು ದೋಷ, ತಿಂಗಳಿಗೆ ಎಷ್ಟು ಸಲ ಕೆಟ್ಟು ನಿಂತಿತು, ಒಂದು ಸೆಕೆಂಡಿಗೆ ಎಷ್ಟು ಮಂದಿಯ ಕೋರಿಕೆಗೆ ಉತ್ತರಿಸಿತು ಎಂದು ಅವರು ಲೆಕ್ಕವಿಡುತ್ತಾರೆ. 1991ರಲ್ಲಿ ಬಂದ ಐಎಸ್‌ಒ 9126 ಎಂಬ ಅಂತರರಾಷ್ಟ್ರೀಯ ಮಾನಕವು ತಂತ್ರಾಂಶದ ಗುಣವನ್ನು ಆರು ತಲೆಬರಹಗಳಡಿ ವಿಂಗಡಿಸಿತು. ಬಳಕೆಯ ಸುಲಭತೆ ಆ ಆರರಲ್ಲಿ ಒಂದು ಮಾತ್ರವಾಗಿತ್ತು. ಅದರ ಜಾಗಕ್ಕೆ 2011ರಲ್ಲಿ ಬಂದ 25010 ಎಂಬ ಮಾನಕದಲ್ಲಿ ‘ಬಳಕೆಯಲ್ಲಿನ ಗುಣಮಟ್ಟ’ ಎಂಬುದಕ್ಕೆ ಪ್ರತ್ಯೇಕ ಅಧ್ಯಾಯವೇ ಇತ್ತು; ಅದರೊಳಗೆ ತೃಪ್ತಿ, ತೃಪ್ತಿಯೊಳಗೆ ಉಪಯೋಗ, ನಂಬಿಕೆ, ಸಂತೋಷ, ನಿರಾಯಾಸ ಎಂಬ ಅಂಶಗಳು ಸೇರಿದ್ದವು. ಮಾನಕಗಳ ಒಣ ಭಾಷೆಯಲ್ಲಿ ‘ಸಂತೋಷ’ ಎಂಬ ಪದವನ್ನು ಕಂಡಾಗ ನನಗೆ ಸ್ವಲ್ಪ ಆಶ್ಚರ್ಯವೇ ಆಯಿತು. ಅದಿರಲಿ. ಸಂತೋಷವನ್ನು ಅಳೆಯುವುದು ಹೇಗೆ?

ಈ ಪ್ರಶ್ನೆಯನ್ನು ತಂತ್ರಾಂಶದವರಿಗಿಂತ ಮೊದಲು ಎದುರಿಸಿದವರು ನಮ್ಮ ವೃತ್ತಿಯವರು. ದೂರದರ್ಶನದ ಚಿತ್ರ ಚೆನ್ನಾಗಿದೆಯೇ ಎಂಬುದನ್ನು ಉಪಕರಣಗಳು ಒಂದು ಹಂತದವರೆಗೆ ಮಾತ್ರ ಹೇಳಬಲ್ಲವು. ತರಂಗದ ಆಕಾರ ಸರಿಯಾಗಿದ್ದೂ ಮುಖದ ಬಣ್ಣ ಸತ್ತಂತೆ ಕಾಣಬಹುದು. ಆದ್ದರಿಂದ ಮನುಷ್ಯರನ್ನೇ ಕೂರಿಸಿ ಕೇಳುವ ಪದ್ಧತಿಯೊಂದು ಬೆಳೆದುಬಂತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.500 ಎಂಬ ಶಿಫಾರಸು 1974ರಲ್ಲಿ ಮೊದಲು ರೂಪುಗೊಂಡು ಅನಂತರ ಹಲವು ಬಾರಿ ಪರಿಷ್ಕಾರಗೊಂಡಿದೆ. ಅದರ ನಿಯಮಗಳನ್ನು ಗಮನಿಸಿ. ಕನಿಷ್ಠ 15 ಮಂದಿ ನೋಡುಗರು ಬೇಕು. ಹಿಂದಿನ ಆವೃತ್ತಿಗಳ ಪ್ರಕಾರ ಅವರು ಚಿತ್ರದ ಗುಣಮಟ್ಟಕ್ಕೆ ಸಂಬಂಧಿಸಿದ ಉದ್ಯೋಗದಲ್ಲಿ ಇರಬಾರದಾಗಿತ್ತು. ಅಂದರೆ ನನ್ನಂಥವರಿಗೆ ಆಗ ಅಲ್ಲಿ ಪ್ರವೇಶವಿರಲಿಲ್ಲ! ಅವರ ದೃಷ್ಟಿಯನ್ನೂ ಬಣ್ಣ ಗುರುತಿಸುವ ಶಕ್ತಿಯನ್ನೂ ಮೊದಲೇ ಪರೀಕ್ಷಿಸಬೇಕು. ಒಂದು ಬೈಠಕ್ಕು ಅರ್ಧ ಗಂಟೆಯನ್ನು ಮೀರಬಾರದು. ಆರಂಭದಲ್ಲಿ ತೋರಿಸುವ ನಾಲ್ಕಾರು ಚಿತ್ರಗಳಿಗೆ ಅವರು ಕೊಟ್ಟ ಅಂಕಗಳನ್ನು ಲೆಕ್ಕಕ್ಕೆ ಹಿಡಿಯಬಾರದು, ಏಕೆಂದರೆ ಆಗಿನ್ನೂ ಅವರ ಮನಸ್ಸಿನ ತಕ್ಕಡಿ ನಿಂತಿರುವುದಿಲ್ಲ. ಒಂದು ವಿಧಾನದಲ್ಲಂತೂ ಮೂಲಚಿತ್ರ ಮತ್ತು ಕೆಡಿಸಿದ ಚಿತ್ರ ಎರಡನ್ನೂ ಜೋಡಿಯಾಗಿ ತೋರಿಸಿ, ಯಾವುದು ಯಾವುದೆಂದು ಹೇಳದೆ, ಎರಡಕ್ಕೂ ಅಂಕ ಕೇಳುತ್ತಾರೆ.

ನಾನು ಬಿ.ಎಸ್ಸಿ. ಓದಿದವನು. ಪ್ರಯೋಗಾಲಯದಲ್ಲಿ ಫಿನಾಲ್ಫ್ಥಲೀನ್ ಹಾಕಿದ ದ್ರಾವಣ ತಿಳಿಗುಲಾಬಿಗೆ ತಿರುಗುವ ಕ್ಷಣವನ್ನು ಕಣ್ಣಿನಿಂದ ಹಿಡಿಯಬೇಕಾಗಿತ್ತು. ನನಗೆ ಗುಲಾಬಿಯಾಗಿ ಕಂಡದ್ದು ಪಕ್ಕದವನಿಗೆ ಇನ್ನೂ ನೀರಿನ ಹಾಗೇ ಕಾಣುತ್ತಿತ್ತು. ಹಾಗೆಂದು ಯಾರೂ ಆ ಪ್ರಯೋಗವನ್ನು ಅವೈಜ್ಞಾನಿಕ ಎನ್ನಲಿಲ್ಲ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ ಎಂದರು. ಅನಿಸಿಕೆಯೂ ಅಷ್ಟೇ. ಅದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ ಎಂಬುದು ಅದನ್ನು ಅಳೆಯದಿರಲು ಕಾರಣವಲ್ಲ. ಜಾಗರೂಕತೆಯಿಂದ ಅಳೆಯಲು ಕಾರಣ.

ಈಗ ತಂತ್ರಾಂಶಕ್ಕೆ ಬರೋಣ. 1986ರಲ್ಲಿ ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ, ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಬ್ರೂಕ್ ಎಂಬುವರು ಹತ್ತು ವಾಕ್ಯಗಳ ಒಂದು ಪ್ರಶ್ನಾವಳಿಯನ್ನು ಮಾಡಿದರು. 1996ರಲ್ಲಿ ಅದು ಪುಸ್ತಕವೊಂದರ ಅಧ್ಯಾಯವಾಗಿ ಅಚ್ಚಾಯಿತು. ಸಿಸ್ಟಮ್ ಯೂಸಬಿಲಿಟಿ ಸ್ಕೇಲ್, ಚಿಕ್ಕದಾಗಿ ‘ಸಸ್’, ಎಂದು ಅದರ ಹೆಸರು. ತಂತ್ರಾಂಶವನ್ನು ಬಳಸಿ ಮುಗಿಸಿದ ಕೂಡಲೇ ಬಳಕೆದಾರರು ಪ್ರತಿ ವಾಕ್ಯಕ್ಕೂ ಒಂದರಿಂದ ಐದರವರೆಗೆ, ‘ಸ್ವಲ್ಪವೂ ಒಪ್ಪುವುದಿಲ್ಲ’ದಿಂದ ‘ಪೂರ್ತಿ ಒಪ್ಪುತ್ತೇನೆ’ವರೆಗೆ, ಗುರುತು ಹಾಕಬೇಕು. ಇದರ ಜಾಣತನವಿರುವುದು ವಾಕ್ಯಗಳ ಸರದಿಯಲ್ಲಿ. ಒಂದು, ಮೂರು, ಐದು ಹೀಗೆ ಬೆಸ ಸಂಖ್ಯೆಯ ವಾಕ್ಯಗಳು ಹೊಗಳಿಕೆಯವು. ಸಮ ಸಂಖ್ಯೆಯವು ತೆಗಳಿಕೆಯವು. ಹೊಗಳಿಕೆಯ ವಾಕ್ಯಕ್ಕೆ ಬಂದ ಗುರುತಿನಿಂದ ಒಂದನ್ನು ಕಳೆಯಬೇಕು. ತೆಗಳಿಕೆಯ ವಾಕ್ಯದಲ್ಲಿ ಐದರಿಂದ ಗುರುತನ್ನು ಕಳೆಯಬೇಕು. ಬಂದದ್ದನ್ನೆಲ್ಲ ಕೂಡಿಸಿ ಎರಡೂವರೆಯಿಂದ ಗುಣಿಸಿದರೆ ಸೊನ್ನೆಯಿಂದ ನೂರರೊಳಗಿನ ಒಂದು ಅಂಕ ಸಿಗುತ್ತದೆ.

ಯಾಕಿಷ್ಟು ಸುತ್ತುದಾರಿ ಎನ್ನುತ್ತೀರಾ? ನಮ್ಮ ಊರಿನ ಸೌಜನ್ಯವನ್ನು ನೆನೆಸಿಕೊಳ್ಳಿ. ಮನೆಗೆ ಬಂದ ನೆಂಟರನ್ನು ‘ಊಟ ಹೇಗಿತ್ತು’ ಎಂದು ಕೇಳಿದರೆ ‘ತುಂಬ ಚೆನ್ನಾಗಿತ್ತು’ ಎಂದಲ್ಲದೆ ಬೇರೆ ಉತ್ತರ ಬಂದೀತೇ? ಅಂಥ ಸಜ್ಜನರೊಬ್ಬರು ಓದದೆಯೇ ಹತ್ತಕ್ಕೆ ಹತ್ತೂ ವಾಕ್ಯಗಳಿಗೆ ಐದು ಎಂದು ಗುರುತು ಹಾಕಿದರೆನ್ನಿ. ಹೊಗಳಿಕೆಯ ಐದು ವಾಕ್ಯಗಳಿಂದ ತಲಾ ನಾಲ್ಕರಂತೆ ಇಪ್ಪತ್ತು, ತೆಗಳಿಕೆಯವುಗಳಿಂದ ಸೊನ್ನೆ. ಎರಡೂವರೆಯಿಂದ ಗುಣಿಸಿದರೆ 50. ಎಲ್ಲಕ್ಕೂ ನಡುವಿನ ಮೂರನ್ನೇ ಹಾಕಿ ಕೈತೊಳೆದುಕೊಂಡ ಉದಾಸೀನನಿಗೂ ಬರುವುದು 50ರೇ. ಎಲ್ಲಕ್ಕೂ ಒಂದು ಹಾಕಿದ ಸಿಡುಕನಿಗೂ 50. ಓದದೆ ಹಾಕಿದ ಗುರುತು ಯಾವ ಕಡೆಗೂ ತಕ್ಕಡಿಯನ್ನು ವಾಲಿಸುವುದಿಲ್ಲ. ಆದರೆ ಈ 50ನ್ನು ಪರೀಕ್ಷೆಯ ಶೇಕಡ 50 ಎಂದು ಓದಬಾರದು. ಅನೇಕ ಅಧ್ಯಯನಗಳ ಸರಾಸರಿ ಸುಮಾರು 68ರ ಬಳಿ ನಿಲ್ಲುತ್ತದೆ. ಆದ್ದರಿಂದ 60 ಅಂಕ ಪಡೆದ ತಂತ್ರಾಂಶ ಪ್ರಥಮ ದರ್ಜೆಯದಲ್ಲ, ಸರಾಸರಿಗಿಂತ ಕೆಳಗಿನದು. ಕಂಪನಿಗಳ ಸಭೆಗಳಲ್ಲಿ ಇದನ್ನು ಎಷ್ಟು ಸಲ ತಪ್ಪಾಗಿ ಓದುತ್ತಾರೋ ದೇವರೇ ಬಲ್ಲ.

ಈ ಪ್ರಶ್ನಾವಳಿಗೂ ಒಂದು ಮುಳ್ಳು ತಗುಲಿತು. ಎಂಟನೆಯ ವಾಕ್ಯದಲ್ಲಿ ಬ್ರೂಕ್ ಅವರು ‘ಕಂಬರ್ಸಮ್’ ಎಂಬ ಇಂಗ್ಲಿಷ್ ಪದವನ್ನು ಬಳಸಿದ್ದರು. ಇಂಗ್ಲಿಷ್ ಮನೆಮಾತಲ್ಲದ ಅನೇಕರಿಗೆ ಆ ಪದವೇ ಅರ್ಥವಾಗುತ್ತಿಲ್ಲ ಎಂದು 2006ರಲ್ಲಿ ಕ್ರೇಗ್ ಫಿನ್‌ಸ್ಟಾಡ್ ಎಂಬುವರು ತೋರಿಸಿದರು. ಅರ್ಥವಾಗದ ವಾಕ್ಯಕ್ಕೂ ಜನ ಗುರುತು ಹಾಕುತ್ತಾರೆ! ಹಾಕಿದ ಗುರುತು ಮಾತ್ರ ತಂತ್ರಾಂಶದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕನ್ನಡದಲ್ಲಿ ಕೇಳುವಾಗ ಏನಾಗುತ್ತದೆ? ಆ ಪದಕ್ಕೆ ‘ತೊಡಕು’ ಎನ್ನೋಣವೇ, ‘ರಗಳೆ’ ಎನ್ನೋಣವೇ, ‘ಕಷ್ಟ’ ಎನ್ನೋಣವೇ? ಕಷ್ಟವಾದದ್ದೆಲ್ಲ ರಗಳೆಯಲ್ಲ. ಸುಲಭವಾಗಿದ್ದೂ ರಗಳೆಯಾಗುವ ಕೆಲಸಗಳು ಬೇಕಾದಷ್ಟಿವೆ. ಒಂದೇ ಮೊಬೈಲ್ ಸಂಖ್ಯೆಯನ್ನು ನಾಲ್ಕು ಸಲ ಬರೆಯಿಸುವ ಅರ್ಜಿಯನ್ನೇ ನೋಡಿ. ಇದಕ್ಕಿಂತ ಸೂಕ್ಷ್ಮವಾದದ್ದು ನಿಷೇಧದ ಸಮಸ್ಯೆ. ‘ಈ ತಂತ್ರಾಂಶ ಬಳಸಲು ಸುಲಭವಿಲ್ಲ’ ಎಂಬ ವಾಕ್ಯವನ್ನು ಓದಿ ಹೇಳಿದರೆ, ಒಬ್ಬರು ‘ಹೌದು, ಸುಲಭವಿಲ್ಲ’ ಎನ್ನುತ್ತಾರೆ. ಇನ್ನೊಬ್ಬರು ಅದೇ ಅರ್ಥದಲ್ಲಿ ‘ಇಲ್ಲ, ಸುಲಭವಿಲ್ಲ’ ಎನ್ನುತ್ತಾರೆ. ಕೇಳುವವನು ಬರೀ ‘ಹೌದು’, ‘ಇಲ್ಲ’ಗಳನ್ನು ಬರೆದುಕೊಂಡರೆ ಲೆಕ್ಕ ತಲೆಕೆಳಗು.

ಅಳತೆಪಟ್ಟಿಯ ಪದಗಳದೂ ಇದೇ ಕಥೆ. ದೂರದರ್ಶನದ ಪರೀಕ್ಷೆಯಲ್ಲಿ ಐದು ಮೆಟ್ಟಿಲುಗಳಿವೆ: ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ, ತೀರಾ ಕಳಪೆ ಎಂದು ಕನ್ನಡಿಸಬಹುದು. ಈ ಮೆಟ್ಟಿಲುಗಳ ನಡುವಿನ ಅಂತರ ಒಂದೇ ಸಮ ಎಂದು ಲೆಕ್ಕ ಹಾಕುವವರು ಭಾವಿಸುತ್ತಾರೆ. 1980ರ ದಶಕದಲ್ಲಿ ಅಮೆರಿಕ ಮತ್ತು ಇಟಲಿಯ ಜನರಿಂದ ಇಂಥ ಪದಗಳನ್ನು ಒಂದು ಗೆರೆಯ ಮೇಲೆ ಗುರುತಿಸಲು ಹೇಳಿದಾಗ ಅಂತರಗಳು ಸಮವಾಗಿರಲಿಲ್ಲ, ಎರಡು ಭಾಷೆಗಳಲ್ಲಿ ಒಂದೇ ರೀತಿಯೂ ಇರಲಿಲ್ಲ. ನಮ್ಮಲ್ಲಿ ‘ಪರವಾಗಿಲ್ಲ’ವನ್ನು ಎಲ್ಲಿಡುತ್ತೀರಿ? ಹುಡುಗ ಹೊಸದಾಗಿ ಹಾಡಿದಾಗ ಸಂಗೀತದ ಮೇಷ್ಟ್ರು ‘ಪರವಾಗಿಲ್ವೇ!’ ಎಂದರೆ ಅದು ದೊಡ್ಡ ಪ್ರಶಂಸೆ. ಹೋಟೆಲಿನಿಂದ ಹೊರಬಂದವರು ‘ಪರವಾಗಿಲ್ಲ’ ಎಂದರೆ ಮತ್ತೆ ಅಲ್ಲಿಗೆ ಹೋಗುವುದು ಅನುಮಾನ. ಕಾಲು ತುಳಿದವರಿಗೆ ಹೇಳುವ ‘ಪರವಾಗಿಲ್ಲ’ವಂತೂ ಗುಣಮಟ್ಟದ ಮಾತೇ ಅಲ್ಲ. ಧಾರವಾಡದವರ ‘ಅಡ್ಡಿಯಿಲ್ಲ’, ಮಂಗಳೂರಿನವರ ‘ಲಾಯ್ಕಿದೆ’ ಇವಕ್ಕೆಲ್ಲ ಎಷ್ಟೆಷ್ಟು ಅಂಕ? ಬೆಂಗಳೂರಿನಲ್ಲಿ ಕುಳಿತು ಇಂಗ್ಲಿಷಿನಿಂದ ಪ್ರಶ್ನಾವಳಿಯನ್ನು ಭಾಷಾಂತರಿಸಿ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಕಳುಹಿಸುವವರು ಮೊದಲು ಹತ್ತು ಊರುಗಳಲ್ಲಿ ಅದನ್ನು ಗಟ್ಟಿಯಾಗಿ ಓದಿಸಿ, ಜನ ಏನೆಂದು ತಿಳಿದುಕೊಂಡರೆಂದು ಕೇಳಬೇಕು. ಇದು ಖರ್ಚಿನ ಕೆಲಸವೇನಲ್ಲ, ತಾಳ್ಮೆಯ ಕೆಲಸ.

ಅನಿಸಿಕೆ ಎಂಬುದು ಗಡಿಯಾರದ ಮಾತನ್ನು ಕೇಳುವುದಿಲ್ಲ. ಡೇನಿಯಲ್ ಕಾನಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಒಂದು ಸಲ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು ಕೈ ಮುಳುಗಿಸಿ ಇಡಬೇಕು. ಇನ್ನೊಂದು ಸಲ ಅದೇ 60 ಸೆಕೆಂಡಿನ ನಂತರ ಮತ್ತೆ 30 ಸೆಕೆಂಡು ಇಡಬೇಕು, ಆದರೆ ಆ ಹೊತ್ತಿನಲ್ಲಿ ನೀರು ನಿಧಾನವಾಗಿ 15 ಡಿಗ್ರಿಗೆ ಏರುತ್ತದೆ. ಮತ್ತೊಮ್ಮೆ ಯಾವುದನ್ನು ಮಾಡುತ್ತೀರಿ ಎಂದರೆ ಹೆಚ್ಚಿನವರು ಒಂದೂವರೆ ನಿಮಿಷದ್ದನ್ನೇ ಆರಿಸಿಕೊಂಡರು! ಕೊನೆ ಹೇಗಿತ್ತು ಎಂಬುದು ನೆನಪಿನಲ್ಲಿ ಉಳಿಯಿತು, ಎಷ್ಟು ಹೊತ್ತು ಎಂಬುದು ಉಳಿಯಲಿಲ್ಲ. ಗಣಕದ ಪರದೆಯ ಮೇಲೆ ಕೆಲಸ ಎಷ್ಟು ಮುಗಿಯಿತೆಂದು ತೋರಿಸುವ ಪಟ್ಟಿ ಇರುತ್ತದಲ್ಲವೇ? 2007ರಲ್ಲಿ ಕ್ರಿಸ್ ಹ್ಯಾರಿಸನ್ ಮತ್ತಿತರರು ಆ ಪಟ್ಟಿಗಳನ್ನು ಪರೀಕ್ಷಿಸಿದರು. ಒಂದೇ ಅವಧಿಯ ಪಟ್ಟಿಗಳಲ್ಲಿ ಕೊನೆಗೆ ವೇಗ ಹೆಚ್ಚಿಸಿಕೊಂಡದ್ದು ಬೇಗ ಮುಗಿದಂತೆ, ಕೊನೆಯಲ್ಲಿ ತಡವರಿಸಿದ್ದು ನಿಧಾನವಾದಂತೆ ಜನರಿಗೆ ಅನ್ನಿಸಿತು. ಇದನ್ನು ತಿಳಿದು ಪಟ್ಟಿಯ ಓಟವನ್ನು ತಿದ್ದುವುದು ಮೋಸವೇ ಎಂದು ನೀವು ಕೇಳಬಹುದು. ಒಂದು ಗಂಟೆಯ ಸಭೆಯನ್ನು ಎರಡು ನಿಮಿಷಕ್ಕೆ ಕತ್ತರಿಸಿ ತೋರಿಸುವ ವೃತ್ತಿಯವನು ಆ ಪ್ರಶ್ನೆಗೆ ಉತ್ತರಿಸದಿರುವುದೇ ಲೇಸು.

ಚೆಲುವೂ ಹೀಗೆಯೇ ನಡುವೆ ಕೈಯಾಡಿಸುತ್ತದೆ. ಜಪಾನಿನ ಮಸಾಕಿ ಕುರೊಸು ಮತ್ತು ಕವೊರಿ ಕಾಶಿಮುರಾ 1995ರಲ್ಲಿ ಬ್ಯಾಂಕಿನ ಎಟಿಎಂ ಪರದೆಯ 26 ವಿನ್ಯಾಸಗಳನ್ನು ಜನರ ಮುಂದಿಟ್ಟರು. ಬಳಸಲು ಸುಲಭವೆಂದು ಜನ ಭಾವಿಸಿದ್ದು ನೋಡಲು ಚೆಂದವಾಗಿದ್ದವನ್ನು. ನಿಜವಾದ ಸುಲಭತೆಗೂ ಅವರ ಭಾವನೆಗೂ ಅಷ್ಟು ನಂಟಿರಲಿಲ್ಲ. ಇಸ್ರೇಲಿನ ನೋಅಮ್ ಟ್ರಾಕ್ಟಿನ್‌ಸ್ಕಿ, ಜಪಾನೀಯರು ಸೌಂದರ್ಯಪ್ರಿಯರು, ನಮ್ಮ ಜನ ಹಾಗಲ್ಲ, ಇಲ್ಲಿ ಈ ನಂಟು ಕಾಣಲಾರದು ಎಂದುಕೊಂಡು ಪ್ರಯೋಗವನ್ನು ಮತ್ತೆ ನಡೆಸಿದರು. 1997ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ನಂಟು ಇನ್ನೂ ಬಿಗಿಯಾಗಿತ್ತು.

ಇಲ್ಲಿಯವರೆಗೆ ಹೇಳಿದ್ದು ಕೇಳಿದಾಗ ಉತ್ತರಿಸುವವರ ವಿಷಯ. ಉತ್ತರಿಸದವರ ವಿಷಯ ಬೇರೆಯೇ ಇದೆ. ಈಗ ಎಲ್ಲಕ್ಕೂ ಐದು ನಕ್ಷತ್ರಗಳ ಕಾಲ. ಯೂಟ್ಯೂಬ್ 2009ರಲ್ಲಿ ತನ್ನ ವಿಡಿಯೋಗಳಿಗೆ ಬಂದ ನಕ್ಷತ್ರಗಳನ್ನು ಲೆಕ್ಕ ಹಾಕಿ ನೋಡಿದಾಗ ಬಹುಪಾಲು ಐದೇ ಐದು. ಎರಡು, ಮೂರು, ನಾಲ್ಕು ಎಂಬುವು ಹೆಸರಿಗೆ ಮಾತ್ರ. ಮೆಚ್ಚಿದವರು ಐದು ಒತ್ತಿದರು, ಸುಮಾರು ಎನ್ನಿಸಿದವರು ಸುಮ್ಮನೆ ಎದ್ದುಹೋದರು. 2010ರಲ್ಲಿ ಅವರು ನಕ್ಷತ್ರಗಳನ್ನು ತೆಗೆದು ಮೇಲೆ ಕೆಳಗೆ ಮಾಡುವ ಹೆಬ್ಬೆರಳನ್ನು ತಂದರು.

ಕೇಳುವ ಸಮಯದಲ್ಲೂ ಕೈಚಳಕವಿದೆ. ನಾನು ಬಳಸುವ ಹಣ ಪಾವತಿಯ ತಂತ್ರಾಂಶವೊಂದು ಹಣ ಸರಿಯಾಗಿ ತಲುಪಿದಾಗಲೆಲ್ಲ ‘ನಮಗೆ ಎಷ್ಟು ನಕ್ಷತ್ರ ಕೊಡುತ್ತೀರಿ’ ಎಂದು ಹಲ್ಲು ಗಿಂಜುತ್ತದೆ. ಹಣ ನಡುದಾರಿಯಲ್ಲಿ ಸಿಕ್ಕಿಕೊಂಡ ದಿನ ಮಾತ್ರ ಅದಕ್ಕೆ ನನ್ನ ಅಭಿಪ್ರಾಯ ಬೇಡ. ಉಂಡು ತಾಂಬೂಲ ಹಾಕಿಕೊಂಡವರನ್ನಷ್ಟೇ ಕೇಳಿ, ಎಲೆ ಸಿಗದೆ ಹಿಂತಿರುಗಿದವರನ್ನು ಬಿಟ್ಟು, ಮದುವೆಯ ಊಟ ನೂರಕ್ಕೆ ನೂರು ಎಂದ ಹಾಗೆ.

ಇನ್ನು ನಮ್ಮ ರಾಜ್ಯದ್ದೇ ಒಂದು ಉದಾಹರಣೆ. ಈ ವಿಷಯದಲ್ಲಿ ಕರ್ನಾಟಕಕ್ಕೆ ಹೇಳಿಕೊಳ್ಳುವಂಥ ಸ್ಥಾನವಿದೆ. ಸಾರ್ವಜನಿಕ ಸೇವೆಗಳ ಬಗ್ಗೆ ಬಳಸುವವರಿಂದಲೇ ಅಂಕ ಕೇಳುವ ನಾಗರಿಕರ ವರದಿಪಟ್ಟಿ 1993-94ರಲ್ಲಿ ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಅವರ ಪ್ರಯತ್ನದಿಂದ ಆರಂಭವಾಯಿತು. ಅದರಿಂದ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಹುಟ್ಟಿತು. ಅದೇ ಸಂಸ್ಥೆ 2002ರಲ್ಲಿ ‘ಭೂಮಿ’ ಯೋಜನೆಯನ್ನು ಬಳಸುವವರ ಕಣ್ಣಿನಿಂದ ಅಳೆಯಿತು.

ಹಿರಿಯರಿಗೆ ನೆನಪಿರುತ್ತದೆ. ಪಹಣಿಯ ಪ್ರತಿ ಬೇಕೆಂದರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ರಾಜ್ಯದಲ್ಲಿ ಅಂಥ ಲೆಕ್ಕಿಗರು ಸುಮಾರು ಒಂಬತ್ತು ಸಾವಿರ. ಅವರು ಸಿಕ್ಕಿದರೆ ಪುಸ್ತಕ ಸಿಗುತ್ತಿರಲಿಲ್ಲ, ಪುಸ್ತಕ ಸಿಕ್ಕಿದರೆ ಅವರಿಗೆ ಪುರುಸೊತ್ತು ಇರುತ್ತಿರಲಿಲ್ಲ. ‘ಭೂಮಿ’ಯಡಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, 177 ತಾಲ್ಲೂಕುಗಳಲ್ಲಿ ವಿತರಣಾ ಕೇಂದ್ರಗಳನ್ನು ತೆರೆಯಲಾಯಿತು. ಕೈಬರಹದ ಪಹಣಿಗೆ ಸರ್ಕಾರಿ ದರ 2 ರೂಪಾಯಿ ಇತ್ತು. ಗಣಕದ ಪಹಣಿಗೆ ಆಗ 15 ರೂಪಾಯಿ ಇಟ್ಟರು. ಏಳುಪಟ್ಟು ಏರಿಕೆ! ಕಾಗದದ ಮೇಲೆ ನೋಡಿದರೆ ಬಳಸುವವರು ಬೈಯಬೇಕು. ಆದರೆ ಅಧ್ಯಯನದಲ್ಲಿ ಜನ ಹೊಸ ಪದ್ಧತಿಯನ್ನೇ ಮೆಚ್ಚಿದರು, ಏಕೆಂದರೆ 2 ರೂಪಾಯಿಯ ಕಾಗದಕ್ಕೆ ಮೇಜಿನ ಕೆಳಗೆ ಎಷ್ಟು ಕೊಡುತ್ತಿದ್ದೆವೆಂಬುದು ಅವರಿಗೆ ಗೊತ್ತಿತ್ತು. ಲಂಚ ಕೊಟ್ಟೆವು ಎಂದವರ ಪ್ರಮಾಣ ಹಳೆಯ ಪದ್ಧತಿಗೆ ಹೋಲಿಸಿದರೆ ತೀರಾ ಕುಗ್ಗಿತ್ತು. ಸಿಬ್ಬಂದಿಯ ನಡವಳಿಕೆ ಹೇಗಿತ್ತು, ಯಾರದಾದರೂ ಸಹಾಯ ಬೇಕಾಯಿತೇ, ಕಾಗದದಲ್ಲಿ ತಪ್ಪುಗಳಿದ್ದವೇ ಎಂದೆಲ್ಲ ಕೇಳಿದ್ದರು. ಇವು ಯಾವುದೂ ತಂತ್ರಾಂಶದ ಸಾಲುಗಳಲ್ಲಿ ಕಾಣುವಂಥವಲ್ಲ.

ನನ್ನ ಗಮನ ಸೆಳೆದದ್ದು ಒಂದು ಸಣ್ಣ ಏರ್ಪಾಡು. ಕೇಂದ್ರದಲ್ಲಿ ಎರಡು ಪರದೆಗಳನ್ನಿಟ್ಟರು: ಒಂದು ನೌಕರನ ಕಡೆಗೆ, ಇನ್ನೊಂದು ರೈತನ ಕಡೆಗೆ. ಎರಡರಲ್ಲೂ ಒಂದೇ ಚಿತ್ರ. ಎರಡನೆಯ ಪರದೆಯಿಂದ ಗಣಕದ ವೇಗ ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಎಂಜಿನಿಯರಿನ ಅಳತೆಗೋಲಿನಲ್ಲಿ ಅದು ಬರೀ ಖರ್ಚು. ಕೌಂಟರಿನ ಈಚೆ ನಿಂತವನಿಗೆ ಮಾತ್ರ, ತನ್ನ ಸರ್ವೆ ನಂಬರು, ತನ್ನ ಹೆಸರು ಕಣ್ಣೆದುರೇ ಮೂಡುವುದನ್ನು ನೋಡುವುದಕ್ಕೂ, ತಗಡಿನ ಬೀರುವಿನೊಳಗಿನ ಪುಸ್ತಕವನ್ನು ಊಹಿಸಿಕೊಳ್ಳುವುದಕ್ಕೂ ಅಜಗಜಾಂತರ.

ಹಾಗೆಂದು ಎಲ್ಲವೂ ಹಸನಾಯಿತೆಂದು ಹೇಳುವಂತಿಲ್ಲ. ಊರಿನಲ್ಲಿದ್ದ ಕಾಗದ ತಾಲ್ಲೂಕು ಕಚೇರಿಗೆ ಹೋಯಿತು. ಬಸ್ ಚಾರ್ಜು, ಒಂದು ದಿನದ ಕೂಲಿ ಯಾರ ಲೆಕ್ಕಕ್ಕೂ ಬರಲಿಲ್ಲ. ಬೆಂಗಳೂರಿನ ಸುತ್ತಮುತ್ತ ದಾಖಲೆಗಳು ಒಂದೆಡೆ ಸಿಗುವಂತಾದದ್ದು ದೊಡ್ಡ ಕೊಳ್ಳುವವರಿಗೇ ಹೆಚ್ಚು ಅನುಕೂಲವಾಯಿತೆಂದು ಕೆಲವು ಸಂಶೋಧಕರು ವಾದಿಸಿದ್ದಾರೆ. ಪಹಣಿಯಲ್ಲಿ ಹೆಸರೇ ಇಲ್ಲದೆ ಉಳುತ್ತಿದ್ದವನು ಆ ಕೌಂಟರಿಗೆ ಬರುವುದೇ ಇಲ್ಲ. ಕೌಂಟರಿಗೆ ಬಂದವರ ತೃಪ್ತಿಯನ್ನು ಎಷ್ಟು ಚೆನ್ನಾಗಿ ಅಳೆದರೂ ಅವನು ಆ ಸರಾಸರಿಯೊಳಗೆ ಬರುವುದಿಲ್ಲ.

ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪಡಿತರ, ಪಿಂಚಣಿ, ಶಾಲೆಯ ಪ್ರವೇಶ, ಆಸ್ಪತ್ರೆಯ ಚೀಟಿ ಎಲ್ಲವೂ ಒಂದೊಂದಾಗಿ ಪರದೆಗೆ ಬಂದಿವೆ. ಪಾತ್ರೆ ಚೆನ್ನಾಗಿಲ್ಲದಿದ್ದರೆ ಬೇರೆ ಅಂಗಡಿಗೆ ಹೋಗಬಹುದು. ಸರ್ಕಾರಿ ತಂತ್ರಾಂಶ ಚೆನ್ನಾಗಿಲ್ಲದಿದ್ದರೆ ಹೋಗಲು ಬೇರೆ ಅಂಗಡಿಯಿಲ್ಲ. 1989ರಲ್ಲಿ ಫ್ರೆಡ್ ಡೇವಿಸ್ ಎಂಬ ವಿದ್ವಾಂಸರು ಜನ ತಂತ್ರಾಂಶವನ್ನು ಬಳಸುವುದಕ್ಕೆ ಅದರ ಸುಲಭತೆಗಿಂತ ಅದರಿಂದ ಆಗುವ ಉಪಯೋಗವೇ ದೊಡ್ಡ ಕಾರಣ ಎಂದು ತೋರಿಸಿದ್ದರು. ಉಪಯೋಗ ಅನಿವಾರ್ಯವಾದಾಗ ಎಷ್ಟೇ ತೊಡಕಿದ್ದರೂ ಬಳಸುತ್ತಾರೆ. ಆದ್ದರಿಂದ ‘ಇಷ್ಟು ಲಕ್ಷ ಮಂದಿ ಬಳಸಿದ್ದಾರೆ’ ಎಂಬ ಅಂಕಿಯನ್ನು ‘ಇಷ್ಟು ಲಕ್ಷ ಮಂದಿ ಮೆಚ್ಚಿದ್ದಾರೆ’ ಎಂದು ಓದಬಾರದು.

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಪ್ರತಿ ನವೆಂಬರಿನಲ್ಲೂ ತಾವು ಬದುಕಿದ್ದೇನೆಂದು ಪಿಂಚಣಿ ಕಚೇರಿಗೆ ತೋರಿಸಬೇಕು. ಈಗ ಅದು ಮೊಬೈಲಿನಲ್ಲೇ ಆಗುತ್ತದೆ. ‘ಹೇಗಿದೆ ಸಾರ್, ಹೊಸ ಪದ್ಧತಿ?’ ಎಂದೆ. ‘ಬಹಳ ಸುಲಭ ಕಣಪ್ಪ, ಎರಡೇ ನಿಮಿಷ’ ಎಂದರು. ಮಾಡಿದ್ದು ಮೊಮ್ಮಗ. ಮೇಷ್ಟ್ರು ಕನ್ನಡಕ ತೆಗೆದು, ಕಣ್ಣು ಮಿಟುಕಿಸು ಎಂದಾಗ ಮಿಟುಕಿಸಿದ್ದರಷ್ಟೆ. ಅವರ ಐದು ನಕ್ಷತ್ರಗಳಲ್ಲಿ ತಂತ್ರಾಂಶಕ್ಕೆಷ್ಟು, ಮೊಮ್ಮಗನಿಗೆಷ್ಟು?

ಯಾರಾದರೂ ನಿಮ್ಮ ಮನೆಗೆ ಪ್ರಶ್ನಾವಳಿ ಹಿಡಿದು ಬಂದರೆ, ಅಥವಾ ನೀವೇ ಅಂಥದೊಂದನ್ನು ಸಿದ್ಧಪಡಿಸುವ ಸ್ಥಾನದಲ್ಲಿದ್ದರೆ, ‘ಹೇಗಿದೆ’ ಎಂಬುದಕ್ಕಿಂತ ಮೊದಲು ಇನ್ನೆರಡು ಪ್ರಶ್ನೆಗಳು ಅದರಲ್ಲಿವೆಯೇ ಎಂದು ನೋಡಿ. ಕಳೆದ ಸಲ ಈ ಕೆಲಸವನ್ನು ನೀವೇ ಮಾಡಿದಿರಾ, ಇನ್ನೊಬ್ಬರಿಂದ ಮಾಡಿಸಿದಿರಾ? ಅವರು ಊರಲ್ಲಿಲ್ಲದಿದ್ದರೆ ಏನು ಮಾಡುತ್ತಿದ್ದಿರಿ?